ಎಫ್‌ಟಿ-60ಆರ್ ಹ್ಯಾಂಡಿ: ಅಮೆರಿಕಾದಾಗ ಮೂರು ಸಲ ರೈಲು ಕೇಳಿದ ಮ್ಯಾಲ

ನಾನು ಹುಬ್ಬಳ್ಳಿಯೊಳಗ ಗೂಡ್ಸ್ ಗಾರ್ಡ್ ಆಗಿದ್ದಂವ. 2022ರಾಗ ಗಾರ್ಡ್ ಅನ್ನೋ ಹೆಸರು ತಗದು ಟ್ರೇನ್ ಮ್ಯಾನೇಜರ್ ಅಂತ ಮಾಡಿದ್ರು, ಅಷ್ಟರಾಗ ನನ್ನ ಸರ್ವಿಸ್ ಮುಗಿದಿತ್ತು, ಹಂಗಾಗಿ ನಾ ಗಾರ್ಡೇ. ಮಗಳು ಅಮೆರಿಕಾದ ನೇಪರ್‌ವಿಲ್‌ನಾಗ ಇರ್ತಾಳ, ಶಿಕಾಗೋ ಹತ್ರ. 2019, 2022, 2024 ಹಿಂಗ ಮೂರು ಸಲ ಹೋಗಿ ಐದೈದು ತಿಂಗಳ ಇದ್ದು ಬಂದೇನಿ. ಅಲ್ಲಿ ರೈಲಿನ ವೈರ್‌ಲೆಸ್ ಮಾತು ಕೇಳಾಕ ಯಾವ ಹ್ಯಾಂಡಿ, ಅಂದ್ರ ಕೈಯಾಗ ಹಿಡಿಯೋ ವೈರ್‌ಲೆಸ್ ಸೆಟ್, ತಗೋಬೇಕು ಅಂತ ನಮ್ಮ ಹಳೇ ದೋಸ್ತರು ಕೇಳ್ತಾನ ಇರ್ತಾರ, ಅವರ ಮಕ್ಕಳೂ ಅಲ್ಲೇ ಅದಾರಲ್ರಿ, ಅದಕ್ಕ ಒಮ್ಮೆ ಕುಂತು ಬರದುಬಿಡೋಣು ಅಂತ.

ಮೊದಲ ಒಂದ್ ಮಾತು. ಅಲ್ಲಿ ಬರೇ ಕೇಳಾಕ ಲೈಸೆನ್ಸ್ ಬೇಕಾಗಿಲ್ಲ, ಮಾತಾಡಾಕ ಬೇಕು. ನಮ್ಮ ದೇಶದಾಗ ಹಂಗಲ್ಲ, ಲೈಸೆನ್ಸ್ ಇಲ್ದ ಇಂಥಾ ಸೆಟ್ ಮನ್ಯಾಗ ಇಟ್ಕೊಳ್ಳೂದ ಅಪರಾಧ, ಹವ್ಯಾಸಕ್ಕ ವೈರ್‌ಲೆಸ್ ಮಾತಾಡೋರಿಗೆ ಕೊಡೋ ಹ್ಯಾಮ್ ಲೈಸೆನ್ಸ್ ಇದ್ರೂ ಅದು ರೈಲ್ವೆಯವರ ಮಾತು ಕೇಳಾಕ ಕೊಟ್ಟದ್ದಲ್ಲ. ಹಿಂಗಾಗಿ ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ಇದನ್ನ ಹಚ್ಕೊಂಡು ಕೂಡೋ ವಿಚಾರ ಯಾರೂ ಮಾಡಬ್ಯಾಡ್ರಿ. ನನ್ನ ಸೆಟ್ಟು ಮಗಳ ಮನ್ಯಾಗ ಅದ, ನಾ ತಂದಿಲ್ಲ.

2019ರಾಗ ಅಳಿಯ ಮೊದಲಿಗೆ ತರಿಸಿದ್ದು ಇಪ್ಪತ್ತೈದು ಡಾಲರಿಂದು ಒಂದು ಅಗ್ಗದ ಸೆಟ್. ಹೆಸರು ಬ್ಯಾಡ. ಮನಿ ಹಿಂದಿನ ಹೊಲದಾಗ ಚಲೋನ ಕೇಳಸ್ತಿತ್ತು, ಸ್ಟೇಷನ್ನಿಗೆ ಒಯ್ದ್ರ ಮುಗೀತು, ಬರ್‍ರ್ ಅಂತ ಗದ್ದಲ, ಯಾವುದೋ ಪೇಜರ್ ಟಾವರಿಂದು ಹಾಯ್ದು ಬರೂದು, ನಡಬರಕ ಡ್ರೈವರ್ ಏನೋ ಅಂದ, ಅಷ್ಟರಾಗ ಮತ್ತ ಬರ್‍ರ್. ಸ್ಕ್ಯಾನ್ ಹಾಕಿದ್ರ ಒಂದೊಂದು ಚಾನೆಲ್ಲಿಗೂ ನಿಂತು ನಿಂತು ಹೋಗೂದು, ಅದು ತಿರುಗಿ ಬರೂದ್ರಾಗ ಮಾತು ಮುಗದಿರ್ತಿತ್ತು. ಇಂಥಾ ಅಗ್ಗದ ಸೆಟ್ಟಿನೊಳಗ ರಿಸೀವರ್ ಎಲ್ಲಾ ಒಂದ ಚಿಪ್ಪಿನ್ಯಾಗ ಇರ್ತದ, ಊರ ನಡುವ ಸುತ್ತ ದೊಡ್ಡ ಟಾವರ್ ಇದ್ರ ಅದಕ್ಕ ತಡ್ಕೊಳ್ಳಾಕ ಆಗಂಗಿಲ್ಲ. ಹದಿನೈದು ದಿನ ನೋಡಿದೆ, ಖರೇನ ಸಿಟ್ಟು ಬಂತು, ದುಡ್ಡು ಸಣ್ಣದಿದ್ರೂ ದಿನಾ ಕಿವಿಗೆ ತ್ರಾಸು.

ಆಮ್ಯಾಲ ಯಾಯೆಸು ಎಫ್‌ಟಿ-60ಆರ್ ತಗೊಂಡ್ವಿ. ನೂರೈವತ್ತು ಡಾಲರ್ ಆಜುಬಾಜು. ನಮ್ಮ ಲೆಕ್ಕಕ್ಕ ಹತ್ತು ಸಾವಿರದ ಮ್ಯಾಲ, ನಮ್ಮಾಕಿ ಎರಡು ದಿನ ಮಾತಾಡಲಿಲ್ಲ. ಹಳೇ ಮಾಡೆಲ್ಲು, ಕೈಯಾಗ ಇಟ್ಟಿಗಿಯಂಗ ಗಟ್ಟಿ ಕೂಡ್ತದ. ಗದ್ದಲ ಹೋತು. ಅದ ಸ್ಟೇಷನ್ನು, ಅದ ಬೆಂಚು, ಡ್ರೈವರ್ ಮಾತು ಸ್ವಚ್ಛ.

ಅಲ್ಲಿ ರೈಲ್ವೆ ಚಾನೆಲ್ ಎಲ್ಲಾ 160ರಿಂದ 161 ಮೆಗಾಹರ್ಟ್ಜ್ ಸುತ್ತ ಇರ್ತಾವ. ನೇಪರ್‌ವಿಲ್ ಮ್ಯಾಲ ಹೋಗೂದು ಬಿಎನ್‌ಎಸ್‌ಎಫ್ ಅನ್ನೋ ರೈಲ್ವೆ ಕಂಪನಿ ಲೈನು, ಮೂರು ಹಳಿ, ನಾನು ಕೇಳೂದು 161.100. ಸೆಟ್ಟಿನ ಜೋಡಿ ಬರೋ ಆಂಟೆನಾ ಹ್ಯಾಮ್‌ನವರ 144ಕ್ಕ ಮಾಡಿದ್ದು, ಅದನ್ನ ತಗದು ಒಂದು ಮೊಳದ್ದು ಹಾಕ್ಸಿದೆ, ನಲವತ್ತಾರು ಸೆಂಟಿಮೀಟರ್ ಅಂದ್ರ 161ರ ತರಂಗದ ಉದ್ದದಾಗ ಸರಿಯಾಗಿ ಕಾಲು ಭಾಗ. ಅದಕ್ಕ ಹಾಕಿದ ರೊಕ್ಕ ಸೆಟ್ಟಿಗೆ ಹಾಕಿದ್ದಕ್ಕಿಂತ ಹೆಚ್ಚು ಕೆಲಸ ಕೊಟ್ಟದ. ಇನ್ನೊಂದು, ಮಾತಾಡೋ ಬಟನ್ ತಪ್ಪಿ ಒತ್ತಬಾರದು, ಅದು ರೈಲು ನಡಿಸೋ ಚಾನೆಲ್ಲು, ಮಂದಿ ಜೀವದ ವಿಷಯ. ಇದರಾಗ ಆ ಬಟನ್ನಿಗೆ ಲಾಕ್ (ಪಿಟಿಟಿ ಲಾಕ್) ಅದ, ಮೊದಲ ದಿನಾನ ಲಾಕ್ ಮಾಡ್ಸಿ ಇಟ್ಟೇನಿ.

ದಿನಾ ಊಟ ಆದ ಕೂಡ್ಲೆ ಥರ್ಮಾಸಿನ್ಯಾಗ ಚಾ, ಸ್ವೆಟರ್ ಕಿಸೆದಾಗ ಸೆಟ್ಟು, ಒಂದ ಕಿವ್ಯಾಗ ಇಯರ್‌ಫೋನು, ಇನ್ನೊಂದು ಕಿವಿ ಖುಲ್ಲಾ, ನಡಕೊಂತ ಸ್ಟೇಷನ್ನಿಗೆ. ಎರಡೂವರಿ ಸುಮಾರಿಗೆ ಕ್ಯಾಲಿಫೋರ್ನಿಯಾ ಝೆಫೈರ್ ಬರ್ತದ, ಅದರ ಬೆನ್ನಿಗೆ ಸೌತ್‌ವೆಸ್ಟ್ ಚೀಫ್. ಗಾಡಿ ಕಾಣೂಕಿಂತ ಮೊದಲ ಕಿವ್ಯಾಗ ಬರ್ತದ. ಅಲ್ಲಿ ಗೂಡ್ಸ್ ಗಾಡಿಗೆ ಹೆಸರಿಲ್ಲ, ಮುಂದಿನ ಎಂಜಿನ್ ನಂಬರ್ ಹೇಳಿ ಕರೀತಾರ. ಬಿಎನ್‌ಎಸ್‌ಎಫ್‌ನವರ ಗಾಡಿ ನಡಿಸೋ ದೊಡ್ಡ ಕಂಟ್ರೋಲ್ ಇರೂದು ಟೆಕ್ಸಾಸಿನ ಫೋರ್ಟ್ ವರ್ತ್‌ನಾಗ, ಸಾವಿರ ಕಿಲೋಮೀಟರಿಗಿಂತ ದೂರ. ಮೊದಲ ವಾರ ಅವರ ಇಂಗ್ಲಿಷ್ ತಿಳೀಲೇ ಇಲ್ಲ. ಎರಡನೇ ವಾರ ತಿಳೀತು, ಯಾಕಂದ್ರ ವಿಷಯ ನಮ್ದ, ಯಾವ ಹಳಿ, ಯಾವ ಸಿಗ್ನಲ್, ಎಲ್ಲಿ ಗ್ಯಾಂಗ್ ಕೆಲಸ ನಡದದ, ಎಷ್ಟು ಸ್ಪೀಡ್.

ಒಂದ್ ಸಂಜಿ ಅಳಿಯ ಮೆಂಡೋಟಾ ಕಡೆ ಕರಕೊಂಡು ಹೋಗಿದ್ದ, ಅದ ಲೈನು ಪಶ್ಚಿಮಕ್ಕ ಹೋಗ್ತದ, ಎರಡೂ ಕಡೆ ಗೋವಿನಜೋಳದ ಹೊಲ, ನಮ್ಮ ಹಾವೇರಿ ಕಡೆ ಇದ್ದಂಗ. ಒಂದು ಗೂಡ್ಸ್ ಹೋತು. ನಾ ಎಣಿಸಿದೆ, ಹಳೇ ಚಟ, ಎಂಜಿನ್ ಎರಡು, ವ್ಯಾಗನ್ ಎಂಬತ್ತಾರು. ಗಾಡಿ ಮುಂದ ಹೋಗಿ ಸ್ವಲ್ಪ ಹೊತ್ತಿಗೆ ಸೆಟ್ಟಿನ್ಯಾಗ ಒಂದು ಮಷಿನ್ ದನಿ. ಹಳಿ ಪಕ್ಕಕ್ಕ ಗಾಡಿಯೊಳಗಿನ ದೋಷ ಹುಡುಕೋ ಡಿಟೆಕ್ಟರ್ ಕೂಡ್ಸಿರ್ತಾರ್ರಿ, ಗಾಡಿ ದಾಟಿದ ಮ್ಯಾಲ ಅದ ವೈರ್‌ಲೆಸ್ಸಿನ್ಯಾಗ ಬಾಯಿಬಿಟ್ಟು ಹೇಳ್ತದ, ರೈಲ್ವೆ ಹೆಸರು, ಮೈಲು ನಂಬರ್, ಯಾವ ಹಳಿ, ನೋ ಡಿಫೆಕ್ಟ್ಸ್, ಆಕ್ಸಲ್ (ಗಾಲಿ ಅಚ್ಚು) ಇಷ್ಟು. ಆಕ್ಸಲ್ 356 ಅಂತು. ಎಂಜಿನ್ನಿಗೆ ಆರಾರು, ಹನ್ನೆರಡು. ವ್ಯಾಗನ್ನಿಗೆ ನಾಕ್ನಾಕು, 344. ಕೂಡಿಸಿದ್ರ ಸರಿಯಾಗಿ 356.

ಕಣ್ಣಾಗ ನೀರು ಬಂತು, ಹೇಳಾಕ ಸಂಕೋಚ ಇಲ್ಲ. ನಮ್ಮಲ್ಲಿ ತಿರುವು ಬಂದಾಗೆಲ್ಲಾ ಬ್ರೇಕ್‌ವ್ಯಾನಿಂದ, ಅಂದ್ರ ಗಾಡಿ ಕಡೀಗಿರೋ ಗಾರ್ಡ್ ಡಬ್ಬಿಯಿಂದ, ಹೊರಗ ಬಗ್ಗಿ ಗಾಡಿ ಉದ್ದಕ್ಕೂ ನೋಡೂದು, ಎಲ್ಲೆ ಹೊಗಿ ಬಂತು, ಎಲ್ಲೆ ಆಕ್ಸಲ್ ಕಾಯ್ದು ಕೆಂಪಾತು, ಸ್ಟೇಷನ್ ದಾಟುವಾಗ ಮಾಸ್ತರ್ ಹಸಿರು ಬಾವುಟ ತೋರಿಸಿದ್ರ ನಾನೂ ತೋರಿಸೂದು, ಆಲ್ ರೈಟ್. ನನ್ನ ಇಡೀ ಸರ್ವಿಸ್ ಆ ಒಂದು ಮಾತಿಗೆ. ಆ ಹೊಲದಾಗ ಅದ ಮಾತನ್ನ ಹಳಿ ಹೇಳಿತು.

ಅಮೆರಿಕಾದಾಗ ಗೂಡ್ಸ್ ಗಾಡಿ ಹಿಂದ ಗಾರ್ಡ್ ಇಲ್ಲ. ಮೊದಲ ಕಬೂಸ್ ಅನ್ನೋ ಡಬ್ಬಿ ಇತ್ತು, 1980ರ ದಶಕದಾಗ ತಗದ್ರು, ಈಗ ಕಡೀ ವ್ಯಾಗನ್ನಿನ ಕಪ್ಲಿಂಗಿಗೆ ಒಂದು ಪೆಟ್ಟಿಗಿ ಹಚ್ಚಿರ್ತಾರ, ಮಿಣಮಿಣ ದೀಪ, ಒಳಗ ಪ್ರೆಶರ್ ಗೇಜು, ಬ್ರೇಕ್ ಪೈಪಿನ ಪ್ರೆಶರ್ ಎಷ್ಟದ ಅಂತ ಎಂಜಿನ್ನಿಗೆ ವೈರ್‌ಲೆಸ್ಸಿನ್ಯಾಗ ಕಳಸ್ತದ. ನಮ್ಮಲ್ಲಿ ಎಂಜಿನ್ನಿನ್ಯಾಗ 5 ಕೆಜಿ, ಬ್ರೇಕ್‌ವ್ಯಾನಿನ್ಯಾಗ 4.8, ಅದನ್ನ ನೋಡಿದ ಮ್ಯಾಲೇನ ನಾ ಗಾಡಿ ಬಿಡಾಕ ಒಪ್ಪೂದು, ಗೋವಾ ಘಟ್ಟದಾಗ ಕ್ಯಾಸಲ್‌ರಾಕಿಂದ ಕುಲೇಮ್‌ಗೆ 1ಕ್ಕ 37ರ (37 ಮೀಟರಿಗೆ 1 ಮೀಟರ್ ಇಳಿಯೋ) ಇಳಿಜಾರಾಗ ಆ ಮುಳ್ಳಿನ ಮ್ಯಾಲ ಕಣ್ಣು ಇಟ್ಟ ಕುಂತಿರ್ತಿದ್ದೆ. ಅಮೆರಿಕಾದ ಆ ಪೆಟ್ಟಿಗಿ ಮಾತಾಡೋದು 457.9375 ಮೆಗಾಹರ್ಟ್ಜ್‌ನಾಗ. ಎಫ್‌ಟಿ-60 ಆ ಕಡೆನೂ ಕೇಳ್ತದ. ಮಾತಿಲ್ಲ, ಡೇಟಾ, ನಮಗ ಕೇಳಿಸೂದು ಚಿರ್ರ್ ಅಂತ ಒಂದು ಸಣ್ಣ ದನಿ, ಸ್ವಲ್ಪ ಬಿಟ್ಟು ಮತ್ತ ಚಿರ್ರ್. ಅದು ಕೇಳಿತು ಅಂದ್ರ ಹತ್ರದಾಗ ಎಲ್ಲೋ ಗೂಡ್ಸ್ ಅದ. ಮಂದಿ ಮಾತು ಬಿಟ್ಟು ನಾ ಅದನ್ನ ಕೇಳ್ಕೊಂತ ಕುಂತದ್ದ ಹೆಚ್ಚು. ಗಾಡಿ ದೂರ ಆದಂಗ ದನಿ ಸಣ್ಣದಾಗಿ ಬಿಟ್ಟುಬಿಟ್ಟು ಬಂದು ನಿಲ್ತದ.

ಕೊರತಿ ಇಲ್ಲ ಅಂತಲ್ಲ. ಚಾನೆಲ್ಲಿಗೆ ಹೆಸರು ಕೊಡಾಕ ಆರ ಅಕ್ಷರ. ಚಾರ್ಜಿಗೆ ರಾತ್ರಿ ಪೂರಾ ಇಡಬೇಕು. ರೈಲ್ವೆಯವರು ಪೂರ್ತಿ ಡಿಜಿಟಲ್ ಆದ್ರ ಇದಕ್ಕ ಏನೂ ತಿಳಿಯಂಗಿಲ್ಲ. ಮಂದಿ ಬರೇ ಕೇಳಾಕಂತ ಮಾಡಿದ ಸ್ಕ್ಯಾನರ್ ತಗೋರಿ ಅಂತಾರ, ಚಾನೆಲ್ ಭಾಳ ಇದ್ರ ಅದೂ ಚಲೋ, ನನಗ ಎರಡ ಚಾನೆಲ್ ಸಾಕಿದ್ವು, ಕಿಸೆದಾಗ ಕೂಡೋದು ಬೇಕಿತ್ತು. ವರ್ಷದಾಗ ಹತ್ತು ದಿನ ಹೋಗೋರು ಇಷ್ಟು ರೊಕ್ಕ ಹಾಕಬ್ಯಾಡ್ರಿ, ತಿಂಗಳಗಟ್ಟಲೆ ಇರೋರು, ಸ್ಟೇಷನ್ ನಡಕೊಂಡು ಹೋಗುವಷ್ಟು ಹತ್ರ ಇದ್ದೋರು ತಗೋರಿ.

ಹೋದ ಸಲ ಬರುವಾಗ ಬ್ಯಾಟರಿ ತಗದು ಬ್ಯಾರೆ ಇಟ್ಟು ಬಂದೇನಿ. ಅಳಿಯಗ ಹೇಳೇನಿ, ಬ್ಯಾಟರಿ ಹೊಸದು ಹಾಕ್ಸು, ಆದ್ರ ಒಂದನೇದು 161.100, ಎರಡನೇದು 457.9375, ಅವೆರಡನ್ನ ಅಳಿಸಬ್ಯಾಡ ಅಂತ.