ಪಾದ ಪರೀಕ್ಷೆಗೆ 400 ರೂಪಾಯಿ: ಕೊಡಬಹುದು, ಚಪ್ಪಲಿ ಮಾತ್ರ ಅಲ್ಲೇ ಕೊಳ್ಳಬೇಡಿ

ವಿಜಯಪುರದಲ್ಲಿ ಶುಗರ್ ನೋಡುವ ದವಾಖಾನೆಗಳಿಗೆ ಬರ ಇಲ್ಲ. ಆದರೆ ಪೇಶಂಟಿನ ಚಪ್ಪಲಿ ಬಿಚ್ಚಿಸಿ ಕಾಲು ನೋಡುವವರು ಕಡಿಮೆ. ನಮ್ಮ ಮಾವನವರಿಗೆ ಶುಗರ್ ಬಂದು ಹದಿನೈದು ವರ್ಷದ ಮೇಲಾಯ್ತು. ಇಷ್ಟು ದಿನ ಹೋಗುತ್ತಿದ್ದ ಕಡೆ ರಕ್ತ ತೆಗೆಯುತ್ತಿದ್ದರು, ಗುಳಿಗೆ ಬರೆಯುತ್ತಿದ್ದರು, ಮುಗೀತು. ಅದಕ್ಕೇ ಈ ಸಲ ಪಾದ ಪರೀಕ್ಷೆ ಮಾಡುವ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೆಸರು ಹಾಕುವುದಿಲ್ಲ, ದೂರೂ ಇದೆ.

ಡಾಕ್ಟರು ಬಂದದ್ದು ಕೊನೆಗೆ, ಸ್ವಲ್ಪ ಹೊತ್ತು. ಅಸಲಿ ಕೆಲಸ ಮಾಡಿದ್ದು ಸಿಸ್ಟರ್. ಗಿಡ್ಡ ಸ್ಟೂಲಿನ ಮೇಲೆ ಕೂತು, ತೊಡೆಗೆ ಟವೆಲ್ ಹಾಸಿ, ಮಾವನವರ ಕಾಲು ಅದರ ಮೇಲೆ ಇಟ್ಟುಕೊಂಡರು. ಬ್ಯಾಟರಿ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡಿದರು. ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿದಿತ್ತು. ಫಂಗಸ್ ಅಂತೆ. ಹೆಬ್ಬೆರಳ ಬುಡದಲ್ಲಿ ಆಣಿ. ಅದನ್ನು ಮಾವನವರು ಮನೆಯಲ್ಲಿ ಬ್ಲೇಡಿನಿಂದ ಕೆತ್ತುತ್ತಿದ್ದರು ಅಂತ ಗೊತ್ತಾದ ಮೇಲೆ ಸಿಸ್ಟರ್ ಸರಿಯಾಗಿ ಬೈದರು. ಪಾದದ ಮೇಲೂ, ಕಣಕಾಲಿನ ಒಳಬದಿಯ ಗಂಟಿನ ಹಿಂದೆಯೂ ಬೆರಳಿಟ್ಟು ನಾಡಿ ನೋಡಿದರು.

ಆಮೇಲೆ ನೈಲಾನ್ ಎಳೆ. ಒಂದು ಹಿಡಿಕೆಗೆ ಸಿಕ್ಕಿಸಿದ ದಪ್ಪ ದಾರ, ಅಷ್ಟೇ. ಚರ್ಮಕ್ಕೆ ಒತ್ತಿದರೆ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅಷ್ಟು ಒತ್ತಿದ್ದೂ ತಿಳಿಯದಿದ್ದರೆ ಆ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯುವ ಭರವಸೆ ಇಲ್ಲ. ಮೊದಲು ಕೈಗೆ ಮುಟ್ಟಿಸಿ ತೋರಿಸಿದರು.

"ಕಣ್ಣ ಮುಚ್ಚರಿ ಅಜ್ಜಾರ. ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ."

ಮಾವನವರು ಲಯಕ್ಕೆ ಸರಿಯಾಗಿ ಹೂಂ, ಹೂಂ ಅನ್ನುತ್ತಾ ಹೋದರು. ಸಿಸ್ಟರ್ ಎಳೆಯನ್ನು ಗಾಳಿಯಲ್ಲೇ ಹಿಡಿದು, "ಈಗ ಮುಟ್ಟೀನೇನ್ರಿ?" ಅಂದರು. "ಮುಟ್ಟೀಯಲ್ಲವಾ, ಬಲಗಾಲಿಗೆ!" ಅಂದರು ಇವರು. ನನಗೆ ನಗು ತಡೆಯಲಾಗಲಿಲ್ಲ. ಬಸ್ ಓಡಿಸಿ ರಿಟೈರ್ ಆದವರು, ಬ್ರೇಕ್ ತುಳಿದ ಕಾಲಿಗೆ ಏನೂ ಗೊತ್ತಾಗ್ತಿಲ್ಲ ಅಂದರೆ ಒಪ್ಪುತ್ತಾರಾ? ಆದರೆ ಹೆಬ್ಬೆರಳಿಗೆ ಎಳೆ ಬಾಗುವ ತನಕ ಒತ್ತಿದಾಗ ಅವರು ಸುಮ್ಮನೇ ಇದ್ದರು. ಆಗ ನಗು ನಿಂತಿತು.

ಇದಾದ ಮೇಲೆ ಒಂದು ಮಶಿನ್ನು. ಹೆಬ್ಬೆರಳಿಗೆ ಹಿಡಿದು ನಡುಕ ಹೆಚ್ಚಿಸುತ್ತಾ ಎಷ್ಟು ವೋಲ್ಟಿಗೆ ಗೊತ್ತಾಗುತ್ತದೆ ಅಂತ ಅಳೆಯುತ್ತಾರೆ. 25 ದಾಟಿದರೆ ಹುಣ್ಣಾಗುವ ಅಪಾಯ ಜಾಸ್ತಿ. ಮಾವನವರದು ದಾಟಿತ್ತು. ಬಣ್ಣದ ಗ್ರಾಫ್ ಚೆಂದ ಇದೆ, ಆದರೆ ಎಳೆ ಆಗಲೇ ಹೇಳಿದ್ದನ್ನೇ ಅದೂ ಹೇಳಿತು. ತೋಳಿನ ಬಿಪಿಗೂ ಕಾಲಿನ ಬಿಪಿಗೂ ತಾಳೆ ನೋಡುವ ಪರೀಕ್ಷೆಗೆ 400ರ ಮೇಲೆ ಬೇರೆ ದುಡ್ಡು. ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿರಬಹುದು. ಶುಗರ್ ಇದ್ದವರಲ್ಲಿ ನಾಳ ಗಡುಸಾಗಿ ಸುಳ್ಳೇ ಜಾಸ್ತಿ ತೋರಿಸುವುದೂ ಉಂಟು ಅಂತ ಡಾಕ್ಟರೇ ಬಿಡಿಸಿ ಹೇಳಿದರು. ಆ ಮಾತು ಇಷ್ಟವಾಯ್ತು.

ನಾನು 400 ರೂಪಾಯಿ ವಸೂಲಾಯ್ತು ಅನ್ನೋದು ಬೇರೆ ಕಾರಣಕ್ಕೆ. ಸಿಸ್ಟರ್ ಚಪ್ಪಲಿಯನ್ನೂ ಕೈಗೆ ತಗೊಂಡು ಒಳಗೆ ಬೆರಳಾಡಿಸಿದರು. ಮಾವನವರದು ಅಥಣಿ ಚಪ್ಪಲಿ. ಸವೆದಿದ್ದಕ್ಕೆ ಟೈರಿನ ಅಟ್ಟೆ ಹಾಕಿಸಿ ಮೊಳೆ ಹೊಡೆಸಿದ್ದರು. ಒಂದು ಮೊಳೆಯ ತುದಿ ಒಳಗೆ ಎದ್ದಿತ್ತು, ಸರಿಯಾಗಿ ಆ ಆಣಿಯ ಕೆಳಗೆ. ಅದನ್ನು ತುಳಿದುಕೊಂಡೇ ದಿನಾ ವಾಕಿಂಗ್ ಮಾಡುತ್ತಿದ್ದರು.

ಇನ್ನು ದೂರು. ಕ್ಲಿನಿಕ್ ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕಾಲಿನ ದವಾಖಾನೆಗೆ ಮೆಟ್ಟಿಲು! ಟೈಮ್ ಕೊಟ್ಟಿದ್ದರೂ ಒಂದು ತಾಸು ಕಾಯಿಸಿದರು. ರಿಪೋರ್ಟ್ ಪೂರಾ ಇಂಗ್ಲಿಷಿನಲ್ಲಿ. ಮತ್ತೆ ಕೌಂಟರಿನ ಹುಡುಗ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ ಕೊಳ್ಳಿ ಅಂತ ಬೆನ್ನು ಬಿಡಲಿಲ್ಲ. ಮೆತ್ತನೆಯ ಅಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು ಅನ್ನೋದು ನಿಜ. ಆದರೆ ಅಂಥದ್ದೇ ಜೋಡು ಪೇಟೆಯಲ್ಲಿ ಅರ್ಧ ರೇಟಿಗೆ ಸಿಕ್ಕಿತು.

ಕಾಲು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ತೋರಿಸಬೇಕಂತೆ. ಸ್ಪರ್ಶ ಹೋದವರು ಇನ್ನೂ ಬೇಗ ಬೇಗ. ಮಾವನವರಿಗೆ ಆರು ತಿಂಗಳು ಬಿಟ್ಟು ಬರಲು ಹೇಳಿದ್ದಾರೆ, ಅಲ್ಲಿಗೇ ಹೋಗುತ್ತೇವೆ. ನೀವು ಹೋಗುವುದಾದರೆ ದಿನಾ ಮೆಟ್ಟುವ ಹಳೇ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋದರೆ ಕಾಯುವುದು ತಪ್ಪಬಹುದು.