ಗ್ರಾಮೊಫೋನಿಗೆ ಹೊಸ ಸೌಂಡ್‌ಬಾಕ್ಸೋ, ಹಳೆಯದಕ್ಕೆ ಹೊಸ ರಬ್ಬರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹಳೆಯದಕ್ಕೆ. ಸೌಂಡ್‌ಬಾಕ್ಸ್ ಎಂದರೆ ಮುಳ್ಳು ಕೂರುವ, ಒಳಗಿನ ತೆಳು ತಗಡು ಅಲುಗಿ ದನಿ ಹೊರಡಿಸುವ ಡಬ್ಬಿ. ಆನ್‌ಲೈನಿನಲ್ಲಿ ತರಿಸಿದ ಹೊಸ ಸೌಂಡ್‌ಬಾಕ್ಸಿಗೆ 1,800 ರೂಪಾಯಿ ತೆತ್ತೆ. ಹಳೆಯದನ್ನು ಮತ್ತೆ ಹಾಡಿಸಿದ್ದು ಸೈಕಲ್ ಅಂಗಡಿಯ 30 ರೂಪಾಯಿಯ ವಾಲ್‌ಟ್ಯೂಬ್, ಅಂದರೆ ಗಾಳಿ ತುಂಬುವ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ.

ಶ್ರೀರಂಗಪಟ್ಟಣದಲ್ಲಿ ತಾತನ ಮನೆಯ ಅಟ್ಟದಿಂದ ಮೈಸೂರಿಗೆ ತಂದ ಯಂತ್ರ ಇದು. ಎಚ್‌ಎಂವಿ ಕಂಪನಿಯ 102, ಅಂದರೆ 1931ರಲ್ಲಿ ಬಂದ, ಪೆಟ್ಟಿಗೆಯಂತೆ ಮುಚ್ಚಿ ಕೈಯಲ್ಲಿ ಹಿಡಿದು ಹೋಗಬಹುದಾದ ಮಾದರಿ. ಕೀಲಿ ಕೊಟ್ಟರೆ ಒಳಗೆ ದಡ್ ದಡ್ ಎನ್ನುತ್ತಿತ್ತು. ಸ್ಪ್ರಿಂಗಿನ ಗ್ರೀಸ್ ಒಣಗಿ ಅಂಟಾಗಿತ್ತು, ಅಷ್ಟೇ. ಸೀಮೆಎಣ್ಣೆಯಲ್ಲಿ ತೊಳೆದು ಗ್ರಾಫೈಟ್ ಗ್ರೀಸ್ ಹಚ್ಚಿದ ಮೇಲೆ ಸದ್ದು ನಿಂತಿತು. (ಸ್ಪ್ರಿಂಗ್ ಡಬ್ಬಿಯನ್ನು ಅನುಭವವಿಲ್ಲದವರು ತೆರೆಯಬಾರದು. ಸುರುಳಿ ಚಿಮ್ಮಿದರೆ ಕೈ ಸೀಳುತ್ತದೆ.) ದನಿ ಮಾತ್ರ ತಗಡು ಕೆರೆದಂತೆಯೇ ಇತ್ತು. ಆತುರಪಟ್ಟು ಹೊಸ ಸೌಂಡ್‌ಬಾಕ್ಸ್ ತರಿಸಿದೆ.

ನೋಡಲು ಹೊಸದು ಚೆಂದ. ಫಳಫಳ ಹೊಳೆಯುತ್ತದೆ. ದನಿ ಜೋರು.

ತೊಂದರೆ ಇದ್ದದ್ದು ಅದರ ಕತ್ತಿನಲ್ಲಿ. ಟೋನ್ ಆರ್ಮಿನ (ದನಿ ಸಾಗಿಸುವ ಟೊಳ್ಳು ತೋಳಿನ) ತುದಿಗೆ ಅದು ಬಿಗಿಯಾಗಿ ಕೂರಬೇಕು, ಇದು ಕೂದಲೆಳೆಯಷ್ಟು ಸಡಿಲ. ಸಂದಿನಿಂದ ಗಾಳಿ ಸೋರಿ ತಗ್ಗಿನ ಸ್ವರಗಳೆಲ್ಲ ಮಾಯವಾಗುತ್ತಿದ್ದವು. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಎರಡು ಸುತ್ತು ಸುತ್ತಿದೆ, ಬಿಗಿಯಾಯಿತು. ಕೆಲಸ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಎದುರಿನಿಂದ ನೋಡಿದರೆ ಮುಳ್ಳು ನೆಟ್ಟಗೆ ನಿಂತಿರಬೇಕು. ತಟ್ಟೆ (ರೆಕಾರ್ಡ್) ತಿರುಗುವ ಅದುರಿಗೆ ಟೇಪ್ ಜಾರುತ್ತಿತ್ತು, ಸೌಂಡ್‌ಬಾಕ್ಸ್ ತುಸುತುಸುವೇ ಹೊರಳುತ್ತಿತ್ತು. ಮೂರನೆಯ ಬದಿಯ ಹೊತ್ತಿಗೆ ಮುಳ್ಳು ಬಲಕ್ಕೆ ವಾಲಿ ಗೆರೆಯ ಒಂದು ಗೋಡೆಯನ್ನೇ ಉಜ್ಜುತ್ತಿತ್ತು. ನಾನು ಗಮನಿಸುವಷ್ಟರಲ್ಲಿ ತಟ್ಟೆಯ ಮೇಲೆ ಬೂದು ಪುಡಿ ಎದ್ದಿತ್ತು. ಅದು ಕರ್ನಾಟಕ ಸಂಗೀತದ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ತಟ್ಟೆ. ನಂಜನಗೂಡಿನಲ್ಲಿ ಹುಟ್ಟಿದ ಆಕೆಯ ದನಿ ಎಂದು ತಾತ ಯಾರ ಕೈಗೂ ಕೊಡದೆ ಕಾಪಾಡಿದ್ದು. ಆ ಬದಿಯ ನಡುವಿನಲ್ಲಿ ಈಗ ಒರಟು ಮರಳಿನ ಸದ್ದು, ಅದನ್ನು ಯಾವ ರಿಪೇರಿಯೂ ಅಳಿಸದು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರಿದವರಿಗೆ ಎರಡು ಬಾರಿ ಬರೆದೆ, ಉತ್ತರವಿಲ್ಲ.

ಮಾರನೆಯ ದಿನ ಹಳೆಯ ಸೌಂಡ್‌ಬಾಕ್ಸಿನ ತಿರುಪು ಬಿಚ್ಚಿ ನೋಡಿದೆ. ಅಲ್ಯೂಮಿನಿಯಂ ತಗಡಿನ ಎರಡೂ ಬದಿ ಮೆತ್ತಗಿರಬೇಕಾದ ರಬ್ಬರ್ ಬಳೆಗಳು ಕಲ್ಲಾಗಿದ್ದವು. ತಗಡು ಅಲುಗಲು ಜಾಗವೇ ಇಲ್ಲದಿದ್ದರೆ ಹಾಡು ಎಲ್ಲಿಂದ ಬಂದೀತು? ಕಲ್ಲಾದದ್ದನ್ನು ಉಗುರಿನಿಂದ ಕೆರೆದು ತೆಗೆದು, ವಾಲ್‌ಟ್ಯೂಬನ್ನು ಸುತ್ತಳತೆಗೆ ಕತ್ತರಿಸಿ ಕೂರಿಸಿದೆ. ತುದಿಗಳು ಒಂದನ್ನೊಂದು ಮುಟ್ಟಬೇಕು, ಏರಬಾರದು. ನನಗೆ ನಾಲ್ಕನೆಯ ಸಲ ಸರಿಬಂತು. ತಗಡು ಬೆರಳು ಒತ್ತಿದರೂ ಬಾಗುವಷ್ಟು ತೆಳು. ಹಾಗಾಗಿ ಒಂದು ಇಡೀ ಸಂಜೆ ಹಿಡಿಯಿತು.

ದನಿ ಹೊಸದಕ್ಕಿಂತ ಮೆಲು, ಆದರೆ ತುಂಬು. ತಂಬೂರಿಯ ಶ್ರುತಿ ಹಿಂದೆ ನಿಂತಿರುವುದು ಕೇಳುತ್ತದೆ. ಕತ್ತು ಅಲುಗುವುದಿಲ್ಲ.

ಹಳೆಯದಕ್ಕೂ ಒಂದು ಅಪಾಯವಿದೆ. ಅದರ ಹಿಂಬದಿಯ ಎರಕದ ಲೋಹ ಕಾಲಕ್ರಮೇಣ ಉಬ್ಬಿ ಬಿರುಕು ಬಿಡುವುದುಂಟು. ನನ್ನದು ಗಟ್ಟಿಯಾಗಿತ್ತು. ಬಿರುಕು ಬಿಟ್ಟಿದ್ದರೂ ನಾನು ಕಾದು ಇನ್ನೊಂದು ಹಳೆಯದನ್ನೇ ಹುಡುಕುತ್ತಿದ್ದೆ. ಹಿತ್ತಾಳೆಯ ಕಹಳೆ ಹೊತ್ತು ಪುರಾತನವೆಂದು ಮಾರಾಟವಾಗುವ ಹೊಸ ಯಂತ್ರಗಳ ಮಾತು ಬೇಡ. ಅವು ಷೋಕೇಸಿಗೆ ಸರಿ.

ನನ್ನ ಅಭ್ಯಾಸ ಭಾನುವಾರ ಬೆಳಿಗ್ಗೆ ನಾಲ್ಕೈದು ಬದಿ ಕೇಳುವುದು. ಬದಿಗೊಂದು ಹೊಸ ಉಕ್ಕಿನ ಮುಳ್ಳು ಹಾಕುತ್ತೇನೆ, ಹಾಗಾಗಿ ಉಳಿದ ದುಡ್ಡು ಮುಳ್ಳಿಗೇ ಹೋಗುತ್ತದೆ. ತಟ್ಟೆ ಒರೆಸಲು ಸ್ಪಿರಿಟ್ ಮುಟ್ಟಿಸುವುದಿಲ್ಲ, ಅದರಲ್ಲಿರುವುದು ಅರಗು, ಸ್ಪಿರಿಟ್ಟಿಗೆ ಕರಗಿಬಿಡುತ್ತದೆ. ನಾಗರತ್ನಮ್ಮನವರ ಆ ತಟ್ಟೆಯ ಇನ್ನೊಂದು ಬದಿಗೆ ಏನೂ ಆಗಿಲ್ಲ. ಈಗ ಅದನ್ನು ಹಳೆಯ ಸೌಂಡ್‌ಬಾಕ್ಸಿನಲ್ಲಿ ಮಾತ್ರ ಹಾಕುತ್ತೇನೆ.