ಹಳೆ ಒಲೆ ತೆಗೆಸೋದು: ಬ್ರೇಕರ್ ಮಷಿನ್ನೋ, ಉಳಿ ಸುತ್ತಿಗೆಯೋ?

ಕಲಬುರಗಿಯ ನಮ್ಮ ಹಳೆ ಮನೆಯಲ್ಲಿ ಚಿಮ್ನಿ ಇರುವ ಒಲೆ ಎರಡಿದ್ದವು. ಅಡುಗೆಮನೆಯಲ್ಲಿ ಒಂದು, ಬಚ್ಚಲಲ್ಲಿ ಹಂಡೆ ಒಲೆ ಇನ್ನೊಂದು. ಗ್ಯಾಸು, ಗೀಸರ್ ಬಂದ ಮೇಲೆ ಎರಡೂ ಇಲಿಗಳ ಪಾಲಾಗಿದ್ದವು. ಹೋದ ಬೇಸಿಗೆಯಲ್ಲಿ ಒಂದನ್ನು ಮಷಿನ್ನಿನಿಂದ, ಒಂದನ್ನು ಕೈಯಿಂದ ಒಡೆಸಿದೆವು.

ಮೊದಲು ಅಡುಗೆಮನೆ. ಬಾಡಿಗೆಗೆ ತಂದ ಬ್ರೇಕರ್, ಊಟದ ಹೊತ್ತಿಗೆ ಒಲೆಕಟ್ಟೆ ನೆಲಸಮ. ಖುಷಿಯಿಂದ ತಲೆ ಎತ್ತಿದರೆ ಛತ್ತಿನ ಶಹಾಬಾದ್ ಫರಸಿಯಲ್ಲಿ ಕೂದಲೆಳೆಯಷ್ಟು ಬಿರುಕು. ನಮ್ಮ ಛತ್ತು ಅಂದರೆ ಕಲ್ಲಿನ ಹಾಸು, ಅದರ ಮೇಲೆ ಮಣ್ಣು, ಸರಳು ಗಿರಳು ಏನಿಲ್ಲ, ಕಲ್ಲು ಬಾಗೋದಿಲ್ಲ, ಜಾಸ್ತಿ ನಡುಗಿಸಿದರೆ ಸೀಳುತ್ತದೆ ಅಷ್ಟೇ. ಇನ್ನೊಂದು ತಪ್ಪು ನಮ್ಮದೇ: ಕೆಳಗಿನಿಂದ ಒಡೆದೆವು. ಚಿಮ್ನಿಯ ಭಾರ ಕೂತಿರೋದೇ ಒಲೆಯ ಗೋಡೆಗಳ ಮೇಲೆ, ಅಲ್ವಾ? ಅದನ್ನೇ ಕಿತ್ತರೆ ಮೇಲಿನ ಇಟ್ಟಿಗೆಗಳಿಗೆ ಆಸರೆ ಎಲ್ಲಿ? ಗೌಂಡಿ ಬೈಯುತ್ತಲೇ ಎರಡು ಬಲ್ಲಿ (ಮರದ ಕಂಬ) ಆನಿಸಿ ನಿಲ್ಲಿಸಿದ.

ಬಚ್ಚಲಿನದನ್ನು ಅವನೇ ಮಾಡಿದ, ಉಳಿ ಸುತ್ತಿಗೆ ಹಿಡಿದು. ಮಾಳಿಗೆ ಹತ್ತಿ ಚಿಮ್ನಿಯ ತಲೆಯಿಂದ ಶುರು, ಇಟ್ಟಿಗೆಯ ಒಂದೊಂದೇ ವರಸೆ ಕೆಳಗೆ. ಮೂರು ದಿನ ಹಿಡಿಯಿತು. ಹಳೆ ಸುಣ್ಣದ ಗಚ್ಚು ಸಿಮೆಂಟಿನಷ್ಟು ಗಟ್ಟಿ ಇರೋದಿಲ್ಲ, ಉಳಿ ಹೊಕ್ಕರೆ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ. ಮೇಲ್ತುದಿಗೆ ಸಿಮೆಂಟ್ ಕೊಳವೆಯೊಂದಿತ್ತು. ಹಳೆಯ ಇಂಥವುಗಳಲ್ಲಿ ಹೆಚ್ಚಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ, ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರೋದಿಲ್ಲ. ಹಾಗಾಗಿ ಕೊಯ್ಯಲಿಲ್ಲ, ಒಡೆಯಲಿಲ್ಲ, ನೀರು ಚಿಮುಕಿಸಿ ಇಡಿಯಾಗಿ ಇಳಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೆವು.

ಧೂಳು? ಎರಡರಲ್ಲೂ ಇದೆ. ಮಸಿಯನ್ನು ಮೊದಲೇ ಒದ್ದೆ ಮಾಡಿ ಚೀಲಕ್ಕೆ ತುಂಬಿ, ಬಾಗಿಲಿಗೆ ಹಸಿ ಸೀರೆ ಕಟ್ಟಿ. ಮುಖಕ್ಕೆ ಟವಲ್ ಸಾಲದು, ಎನ್‌95 ಮಾಸ್ಕೇ ಬೇಕು. ಫ್ಯಾನ್ ಮಾತ್ರ ಹಚ್ಚಬೇಡಿ. ನಾನು ಸೆಕೆ ಅಂತ ಹಚ್ಚಿದೆ, ಪಕ್ಕದ ಕೋಣೆಯಲ್ಲಿ ಒಣಹಾಕಿದ್ದ ಶಾವಿಗೆ ಎಲ್ಲ ಕಪ್ಪು.

ಆರ್‌ಸಿಸಿ, ಅಂದರೆ ಸರಳು ಹಾಕಿದ ಕಾಂಕ್ರೀಟಿನ ಮನೆಯಾದರೆ ಬ್ರೇಕರ್ ನಡೆದೀತು. ಫರಸಿ ಛತ್ತಿಗೆ ಉಳಿಯೇ ಸರಿ.

ಸುಮ್ನೆ ಮುಚ್ಚಿಬಿಟ್ಟರಾಯಿತು ಅನ್ನುವವರೂ ಇದ್ದಾರೆ. ಬೀದರಿನಲ್ಲಿ ಅಕ್ಕ ಅದನ್ನೇ ಮಾಡಿದಳು, ಬಾಯಿಗೆ ಇಟ್ಟಿಗೆ ಕಟ್ಟಿಸಿ ಗಿಲಾವು ಮಾಡಿಸಿದಳು. ಗಾಳಿಗೆ ಒಂದು ಜಾಲರಿ ಕಿಂಡಿಯನ್ನೂ ಬಿಡಲಿಲ್ಲ, ಮೇಲಿನ ತೂತಿಗೆ ಕಲ್ಲನ್ನೂ ಮುಚ್ಚಲಿಲ್ಲ. ಮಳೆಗಾಲಕ್ಕೆ ಒಳಗಿನ ಮಸಿ ನೆನೆದು ಬಣ್ಣದ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ ಎದ್ದಿತು. ಎರಡು ಸಲ ಬಣ್ಣ ಬಳಿಸಿದಳು, ಮತ್ತೆ ಬಂತು. ಈಗ ಅಲ್ಲಿ ದೊಡ್ಡದೊಂದು ಕ್ಯಾಲೆಂಡರ್ ತೂಗುತ್ತಿದೆ.